ಬೆಳಗಿನ ಕೆಮ್ಮು

ಓಡಲಾರದ ಕಾರು ಸೊಸೆ ಡೊಂಕು ಎಂದಿತಂತೆ. ಗಾದೆ ಕೆಡಿಸಿದವನು ನಾನೇ, ಒಪ್ಪಿದೆ. ಆದರೆ ಕಥೆಯನ್ನು ಕೆಡಿಸಿಲ್ಲ. ಕಾವೂರಿನಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ಸೋಮವಾರ, ಬೆಳಗಿನ ಎಂಟು ಗಂಟೆ. ದೇವಸ್ಥಾನದ ಎದುರು ಎರಡು ಹೊಸ ಕಾರುಗಳು ಹಾರ ಹಾಕಿಕೊಂಡು ಪೂಜೆಗೆ ಕಾಯುತ್ತಿದ್ದವು. ಅರ್ಚಕ ಹರಿದಾಸ ಭಟ್ಟರು ಒಂದರ ಚಕ್ರದಡಿ ಲಿಂಬೆಹಣ್ಣು ಇಟ್ಟು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಅವರ ಮನೆಯದೇ ಕಾರು ಆ ದಾರಿಯಲ್ಲಿ ಬಂತು. ಬಂತು ಎನ್ನುವುದು ದೊಡ್ಡ ಮಾತು. ಕೆಮ್ಮುತ್ತಾ, ನಡುಗುತ್ತಾ, ಹಿಂದಿನಿಂದ ಬಿಳಿ ಹೊಗೆ ಬಿಡುತ್ತಾ ತೆವಳಿತು. ಸರಿಯಾಗಿ ಹೊಸ ಕಾರುಗಳ ಪಕ್ಕದಲ್ಲೇ ನಿಂತು ಗಡಗಡ ಅಲುಗತೊಡಗಿತು. ಒಳಗೆ ಭಟ್ಟರ ಮಗ ರಘುವೀರ, ಪಕ್ಕದಲ್ಲಿ ಸೊಸೆ ಸ್ಮೃತಿ. ಅವಳು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ; ಗಂಡ ದಿನಾ ಅವಳನ್ನು ಕಾಲೇಜಿಗೆ ಬಿಟ್ಟು ತಾನು ಆಫೀಸಿಗೆ ಹೋಗುತ್ತಿದ್ದ.

ಹೊಸ ಕಾರಿನ ಯಜಮಾನರೊಬ್ಬರು ಮೆಲ್ಲಗೆ ಕೇಳಿದರು: "ಭಟ್ರೇ, ಈ ಕಾರಿಗೂ ಪೂಜೆ ನಿಮ್ಮದೇ ಅಲ್ಲವಾ?"

ಭಟ್ಟರ ಕಿವಿ ಕೆಂಪಾಯಿತು. ಅವರು ಕಾರಿನ ಬಾಗಿಲು ತೆರೆದರು.

"ಕೂತವರು ಇಳಿಯಲಿ. ದೋಷ ಯಾರದ್ದೆಂದು ಎಲ್ಲರಿಗೂ ಗೊತ್ತಾಗ್ಲಿ."

ಸ್ಮೃತಿ ಗಂಡನ ಮುಖ ನೋಡಿದಳು. ಅವನು ಸ್ಟಿಯರಿಂಗ್ ನೋಡಿದ. ಅವಳು ಪುಸ್ತಕಗಳನ್ನು ಎದೆಗವಚಿ ರಸ್ತೆಯ ಬದಿಗೆ ಇಳಿದು ನಿಂತಳು. ರಘುವೀರ ಎರಡು ಸಲ ಆಕ್ಸಿಲರೇಟರ್ ಒತ್ತಿದ. ಒಂದು ನಿಮಿಷ, ಎರಡು ನಿಮಿಷ. ಇಂಜಿನ್ ಕೆಮ್ಮು ನಿಲ್ಲಿಸಿ ಜೇನುಹುಳದ ಹಾಗೆ ಗುಂಯ್‌ಗುಟ್ಟಿತು.

"ನೋಡಿದ್ರಲ್ಲ?" ಭಟ್ಟರು ಯಜಮಾನರ ಕಡೆ ತಿರುಗಿದರು. ದನಿಯಲ್ಲಿ ಸಂಕಟವಿರಲಿಲ್ಲ, ನಿರಾಳವಿತ್ತು. "ಪೂಜೆಯ ದೋಷ ಅಲ್ಲ. ಕಾಲ್ಗುಣದ್ದು."

ಸ್ಮೃತಿ ಅಂದು ಬಸ್ಸಿನಲ್ಲಿ ಹೋದಳು. ಬೋರ್ಡಿನ ಮೇಲೆ ಬರೆಯುವಾಗ ಚಾಕ್ ಮೂರು ಸಲ ಮುರಿಯಿತು.

ಮದುವೆಯಾಗಿ ಎರಡು ತಿಂಗಳು. ಕಾರು ಕೆಮ್ಮಲು ಹಿಡಿದು ಒಂದೂವರೆ. ರಘುವೀರ ಗ್ಯಾರೇಜಿಗೆ ಒಯ್ಯದೆ ಇರಲಿಲ್ಲ. ಆದರೆ ಒಯ್ದದ್ದು ಆಫೀಸು ಬಿಟ್ಟ ಮೇಲೆ, ಸಂಜೆ. ಸಂಜೆ ಕಾರಿಗೆ ಕೆಮ್ಮೂ ಇಲ್ಲ, ನೆಗಡಿಯೂ ಇಲ್ಲ. "ಎಂತದೂ ಇಲ್ಲ ಸರ್" ಎಂದ ಗ್ಯಾರೇಜಿನವನು ಸುಮ್ಮನೆ ಪ್ಲಗ್ ಬದಲಿಸಿ ಕಳಿಸಿದ್ದ. ಕಾರಿನಲ್ಲಿ ಎಂತದೂ ಇಲ್ಲ ಎಂದಮೇಲೆ ಕೂತವಳಲ್ಲಿ ಏನೋ ಇರಲೇಬೇಕಲ್ಲ! ದಿನದ ಮೊದಲ ಸವಾರಿ ಅವಳದ್ದು, ಕೆಮ್ಮುವುದೂ ಆಗಲೇ.

ಗುರುವಾರ ರಾತ್ರಿ ಊಟಕ್ಕೆ ಬಡಿಸುತ್ತಾ ಅತ್ತೆ ನೀರಜಾಕ್ಷಿ ನೆಲ ನೋಡಿಕೊಂಡು ಹೇಳಿದರು: "ಭಾನುವಾರ ಉಡುಪಿಗೆ ನೀನು ಬರುದು ಬೇಡ ಮಗಾ. ಶುಭಕಾರ್ಯ ಅಲ್ಲವಾ."

ಭಾನುವಾರ ನೀರಜಾಕ್ಷಿಯ ತಮ್ಮನ ಮಗಳು ಶ್ರೀಲಕ್ಷ್ಮಿಯ ನಿಶ್ಚಿತಾರ್ಥ. ಶ್ರೀಲಕ್ಷ್ಮಿ, ಸ್ಮೃತಿಯ ಜೊತೆ ಒಂದೇ ಬೆಂಚಿನಲ್ಲಿ ಓದಿದವಳು. ಸ್ಮೃತಿಯನ್ನು ಈ ಮನೆಗೆ ತಂದ ಸಂಬಂಧ ಕೂಡಿಸಿದವಳೂ ಅವಳೇ.

"ಅತ್ತೆ, ಒಂದು ಬೆಳಿಗ್ಗೆ ನಾನಿಲ್ಲದೆ ಕಾರು ಸ್ಟಾರ್ಟ್ ಮಾಡಿ ನೋಡಿದ್ದೀರಾ?"

"ಪರೀಕ್ಷೆ ದೇವಸ್ಥಾನದ ಎದುರೇ ಆಯಿತಲ್ಲ," ಎಂದರು ಭಟ್ಟರು. "ನನಗೂ ಖುಷಿಯಿಂದ ಹೇಳ್ತಿಲ್ಲ. ಊರವರ ಕಾರಿಗೆ ತೆಂಗಿನಕಾಯಿ ಒಡೆಯುವವ ನಾನು. ನನ್ನ ಕಾರೇ ನಡುದಾರಿಯಲ್ಲಿ ನಡುಗಿದ್ರೆ ನನ್ನ ಕೈಯನ್ನು ಯಾರು ನಂಬ್ತಾರೆ?"

"ನಿಮ್ಮ ಕೈ ಉಳಿಸಲಿಕ್ಕೆ ನನ್ನ ಕಾಲು ಕಡಿಯಬೇಕಾ ಮಾವ?"

ಭಟ್ಟರು ಕೈ ತೊಳೆಯಲು ಎದ್ದರು. ಆಮೇಲೆ ಕೋಣೆಯಲ್ಲಿ ರಘುವೀರ ಮೆಲ್ಲಗೆ ಹೇಳಿದ: "ಒಂದು ದಿನದ ವಿಷಯ. ಅಡ್ಜಸ್ಟ್ ಮಾಡು."

"ನಿಮ್ಮ ಕಾರು ಕೆಮ್ಮಿಯಾದರೂ ಹೇಳ್ತದೆ ರೀ," ಎಂದಳು ಸ್ಮೃತಿ. "ನಿಮ್ಮ ಬಾಯಿಯಲ್ಲಿ ಅದೂ ಇಲ್ಲ."

ಶುಕ್ರವಾರ ಸಂಜೆ ಅವಳು ದೇರೆಬೈಲಿನಲ್ಲಿ ಬಸ್ಸಿಳಿದು ಬೇರೊಂದು ಗ್ಯಾರೇಜಿಗೆ, ವಾಸುವಿನದ್ದಕ್ಕೆ, ನುಗ್ಗಿದಳು. ವಾಸು ಮೀನುಗಾರರ ಮನೆಯವನು. ಇಪ್ಪತ್ತು ವರ್ಷ ಬೋಟಿನ ಇಂಜಿನ್ ಬಿಚ್ಚಿದವನು, ಈಗ ಕಾರು ಬಿಚ್ಚುತ್ತಾನೆ. ಅವಳ ಸಿಟ್ಟನ್ನೆಲ್ಲ ಪೂರ್ತಿ ಕೇಳಿ, ಅವನು ನಾಲ್ಕೇ ಪ್ರಶ್ನೆ ಕೇಳಿದ.

"ಬೆಳಿಗ್ಗೆ ಮಾತ್ರವಾ ಟೀಚರೇ?"

"ಹೌದು."

"ಹೊಗೆ ಬಿಳಿಯಾ?"

"ಬಿಳಿ. ಎಂತದೋ ಸಿಹಿ ವಾಸನೆ."

"ಇಂಜಿನ್ ತಣಿಸುವ ಕೂಲಂಟ್ ಕಡಿಮೆ ಆಗ್ತದಾ?"

"ಇವರು ವಾರಕ್ಕೊಮ್ಮೆ ತುಂಬಿಸ್ತಾರೆ."

"ಅಂಗಳದಲ್ಲಿ ಸೋರಿದ ಕಲೆ ಉಂಟಾ?"

"ಒಂದು ಹನಿಯೂ ಇಲ್ಲ."

"ಹಾಗಾದ್ರೆ ಹೊರಗೆ ಅಲ್ಲ, ಒಳಗೇ ಸೋರ್ತಾ ಉಂಟು. ಇಂಜಿನ್ ತಲೆಯ ಕೆಳಗೆ ನೀರು ತಡೆಯುವ ಪದರ, ಹೆಡ್ ಗ್ಯಾಸ್ಕೆಟ್, ಸೀಳಿದೆ. ರಾತ್ರಿಯೆಲ್ಲ ಕೂಲಂಟ್ ಒಂದು ಸಿಲಿಂಡರಿಗೆ ಜಿನುಗ್ತದೆ. ಬೆಳಿಗ್ಗೆ ಒದ್ದೆ ಒಲೆಗೆ ಬೆಂಕಿ ಹತ್ತುತ್ತದಾ? ಮೂರು ಸಿಲಿಂಡರ್ ದುಡಿದು ಒಂದು ಮಲಗಿದ್ರೆ ಕಾರು ನಡುಗದೆ ಎಂತ ಮಾಡ್ತದೆ? ನಾಲ್ಕು ನಿಮಿಷದಲ್ಲಿ ನೀರೆಲ್ಲ ಹಬೆಯಾಗಿ ಹೋಗ್ತದೆ. ಮತ್ತೆ ಯಾರು ಕೂತರೂ ಸರಿ, ಯಾರು ಇಳಿದರೂ ಸರಿ." ವಾಸು ಕೈಯೊರಸಿಕೊಂಡ. "ಮೀನು ಬೀಳದ ದಿನ ನಮ್ಮವರೂ ಹೀಗೇ ದೋಷವನ್ನು ಯಾರದ್ದಾದರೂ ಮುಖಕ್ಕೆ ಕಟ್ಟುದು. ಭಾನುವಾರ ನಾನೇ ಬರ್ತೇನೆ. ಅಲ್ಲಿವರೆಗೆ ಬಾಯಿ ಬಿಡಬೇಡಿ."

ಬಾಯಿ ಬಿಡುವುದೇ ಸ್ಮೃತಿಯ ವಿದ್ಯೆ ಎಂದು ಪಾಪ ವಾಸುವಿಗೆ ಗೊತ್ತಿರಲಿಲ್ಲ. ತವರಿನಲ್ಲಿ ಅವಳು ತೆಗೆಯದ ದನಿಯಿಲ್ಲ: ಪ್ರಿನ್ಸಿಪಾಲರದ್ದು, ಬಸ್ ಕಂಡಕ್ಟರನದ್ದು, ಪಕ್ಕದ ಮನೆಯ ಗಿಳಿಯದ್ದು. ಗಂಡನ ಮನೆಯಲ್ಲಿ ಮಾತ್ರ ಎರಡು ತಿಂಗಳಿಂದ ಅದಕ್ಕೆ ಬೀಗ.

ಭಾನುವಾರ ಬೆಳಿಗ್ಗೆ ಆರೂವರೆ. ಕಾರಿನ ಮುಂದಿನ ಸೀಟಿನಲ್ಲಿ ಭಟ್ಟರು, ಹಿಂದೆ ರೇಷ್ಮೆ ಸೀರೆಯ ನೀರಜಾಕ್ಷಿ. ಸ್ಮೃತಿ ಮನೆಯ ಸೀರೆಯಲ್ಲೇ ಜಗಲಿಯ ಕಂಬದ ಹಿಂದೆ ನಿಂತಿದ್ದಳು. ಗೇಟಿನ ಹೊರಗೆ ವಾಸು. ರಘುವೀರ ಕೀಲಿ ತಿರುಗಿಸಿದ. ಕಾರು ಕೆಮ್ಮಿತು. ನಡುಗಿತು. ಅಂಗಳದ ತುಂಬ ಬಿಳಿ ಹೊಗೆ.

ಹೊಗೆಯೊಳಗಿಂದ ಹರಿದಾಸ ಭಟ್ಟರ ದನಿ ಗುಡುಗಿತು: "ಕೂತವರು ಇಳಿಯಲಿ! ದೋಷ ಯಾರದ್ದೆಂದು ಎಲ್ಲರಿಗೂ ಗೊತ್ತಾಗ್ಲಿ!"

ನೀರಜಾಕ್ಷಿ ಥಟ್ಟನೆ ಇಳಿದರು. ಮೂವತ್ತು ವರ್ಷದಿಂದ ಆ ದನಿಗೆ ಕಾಲು ತಾನಾಗಿ ಇಳಿಯುತ್ತಿತ್ತು. ಬಾಯಿ ಯಾರದ್ದೆಂದು ನೋಡುವ ಅಭ್ಯಾಸವಿರಲಿಲ್ಲ. ಕಾರು ಕೆಮ್ಮುತ್ತಲೇ ಇತ್ತು. ಭಟ್ಟರು ತಮ್ಮ ಬಾಯಿಯನ್ನೊಮ್ಮೆ ಮುಟ್ಟಿ ನೋಡಿಕೊಂಡರು. ಅದು ಮುಚ್ಚಿಯೇ ಇತ್ತು. ಕೆರಳಿ ಕೆಳಗೆ ಹಾರಿ ಜಗಲಿಗೆ ನುಗ್ಗಿದರು.

"ನನ್ನ ದನಿ ತೆಗೀತಿಯಾ? ನನ್ನ ಮನೆಯಲ್ಲಿ, ನನ್ನನ್ನೇ! ನಾಚಿಕೆ ಎಂಬುದು ಉಂಟಾ ನಿನಗೆ? ದೊಡ್ಡವರು ಚಿಕ್ಕವರು..."

ಬೈಗುಳ ಎರಡು ನಿಮಿಷ ಸಾಗಿತು. ಅಷ್ಟರಲ್ಲಿ ಅವರ ಬೆನ್ನ ಹಿಂದೆ ಕೆಮ್ಮು ನಿಂತಿತು. ಇಂಜಿನ್ ಗುಂಯ್‌ಗುಟ್ಟಿತು.

ಭಟ್ಟರು ತಿರುಗಿದರು. ಕಾರು ನೋಡಿದರು. ತಮ್ಮ ಖಾಲಿ ಸೀಟು ನೋಡಿದರು. ಕೊನೆಗೆ ತಮ್ಮ ಕಾಲುಗಳನ್ನು ನೋಡಿಕೊಂಡರು.

"ಹಾಗಾದ್ರೆ ಕಾಲ್ಗುಣ..." ಎಂದು ಹೊರಟ ನೀರಜಾಕ್ಷಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ನೀವು ಹೀಗೆ ನಿಂತದ್ದು ಎರಡೇ ನಿಮಿಷ ಮಾವ," ಸ್ಮೃತಿಯ ದನಿ ಈಗ ಅವಳದ್ದೇ. "ನಾನು ಒಂದೂವರೆ ತಿಂಗಳು ನಿಂತಿದ್ದೇನೆ."

ವಾಸು ಒಳಗೆ ಬಂದು ಇಂಜಿನ್ ಆಫ್ ಮಾಡಿಸಿದ. ಬಾನೆಟ್ ಎತ್ತಿ, ಬಟ್ಟೆಯಲ್ಲಿ ಹಿಡಿದು ನಾಲ್ಕು ಪ್ಲಗ್ ಬಿಚ್ಚಿ ಜಗಲಿಯ ಮೇಲೆ ಸಾಲಾಗಿ ಇಟ್ಟ. ಮೂರು ಕಂದು. ಒಂದು ಮಾತ್ರ ತೊಳೆದಿಟ್ಟ ಹಾಗೆ ಬಿಳಿ.

"ಇದು ಕೂಲಂಟ್ ಕುಡಿದ ಸಿಲಿಂಡರಿನದ್ದು ಭಟ್ರೇ. ದೋಷ ಇಲ್ಲಿ ಉಂಟು. ಗ್ಯಾಸ್ಕೆಟ್ ಹಾಕದೆ ಈ ಕಾರು ಉಡುಪಿಗೆ ಹೋಗುದು ಬೇಡ."

ಭಟ್ಟರು ಬಗ್ಗಿ ಬಿಳಿ ಪ್ಲಗ್ಗನ್ನು ನೋಡಿದರು. "ತಪ್ಪಾಯ್ತು ಮಗಾ," ಎಂದರು.

"ದೇವಸ್ಥಾನದ ಎದುರು ಹೇಳಿದ್ದನ್ನು ಜಗಲಿಯಲ್ಲಿ ಹಿಂದೆ ತೆಗೊಳ್ಳಬೇಡಿ ಮಾವ."

ರಘುವೀರ ಮುಂದೆ ಬಂದ. "ಹೌದು ಅಪ್ಪ," ಎಂದ. "ಅಂದು ನಾನೇ ಹೇಳಬೇಕಿತ್ತು." ತಡವಾದರೂ ನಾಲ್ಕನೆಯ ಸಿಲಿಂಡರ್ ಹೊತ್ತಿಕೊಂಡಿತು.

ಭಟ್ಟರು ಫೋನ್ ತೆಗೆದು ಸೋಮವಾರದ ಯಜಮಾನರಿಗೆ ಕರೆ ಮಾಡಿದರು. ಮಂತ್ರ ಹೇಳುವ ನಾಲಿಗೆ ತಡವರಿಸಿತು. "ಅಂದು ನಾನು ಹೇಳಿದ್ದು ಸುಳ್ಳು. ಗ್ಯಾಸ್ಕೆಟ್ ಹೋಗಿತ್ತು. ಸೊಸೆಯದ್ದು ಎಂತದೂ ಇಲ್ಲ. ಅಲ್ಲಿದ್ದವರಿಗೆಲ್ಲ ನೀವೇ ಹೇಳಿಬಿಡಿ." ಆಮೇಲೆ ಹೆಂಡತಿಗೆ, "ಅವಳು ಸೀರೆ ಉಟ್ಟು ಬರುವವರೆಗೆ ಯಾರೂ ಹೊರಡುದಿಲ್ಲ."

ಉಡುಪಿಗೆಂದು ಕರೆಸಿದ ಅಹ್ಮದ್ ಬಾವನ ಟ್ಯಾಕ್ಸಿ ಬಂತು; ಬಾವನೇ ಚಾಲಕ. ಸ್ಮೃತಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಸಿಟ್ಟು ಇನ್ನೂ ಆರಿರಲಿಲ್ಲ. ಕೂಳೂರು ಸೇತುವೆಯ ಬಳಿ ವಾಹನಗಳ ಸಾಲು. ಬಾವ ಕ್ಲಚ್ ಬಿಟ್ಟದ್ದು ತುಸು ಬೇಗವಾಯಿತು. ಟ್ಯಾಕ್ಸಿ ಗಡಕ್ಕನೆ ಅಲುಗಿ ಬಂದ್ ಬಿತ್ತು.

ಒಳಗಿದ್ದವರ ಕಣ್ಣೆಲ್ಲ ತಂತಮ್ಮ ಕಾಲಿಗೆ ಇಳಿಯಿತು.

ಭಟ್ಟರು ಬಾಗಿಲಿನ ಹಿಡಿಗೆ ಕೈ ಹಾಕಿದರು. "ತಡಿ ಬಾವಾ. ಇದು ನನ್ನದೇ ಕಾಲು. ನಾನು ಇಳೀತೇನೆ, ನೀನು ಸ್ಟಾರ್ಟ್ ಮಾಡು ಮಾರಾಯ!"

ಮೊದಲು ಕಿಸಕ್ಕೆಂದವರು ನೀರಜಾಕ್ಷಿ. ಆಮೇಲೆ ರಘುವೀರ. ಸ್ಮೃತಿಯ ತುಟಿಯೂ ತಡೆಯಲಿಲ್ಲ. ಆದರೆ ಎಲ್ಲರ ನಗುವನ್ನೂ ಮುಳುಗಿಸಿ, ಹಿಂದಿನ ಲಾರಿಯ ಹಾರ್ನನ್ನೂ ಮುಳುಗಿಸಿ, ಕಣ್ಣೀರು ಬರುವಷ್ಟು ಜೋರಾಗಿ ನಕ್ಕವರು ಹರಿದಾಸ ಭಟ್ಟರೇ.