ಒಗೆಯದ ಅಂಗಿಗಳು

"ಕೈ ಹಿಂದಿಟ್ಕೊಳ್ರೇ ಮುಂಡೇವಾ. ನೋಡಿದೋರಿಗೆ ವಾಕರಿಕೆ ಬರ್ಬೇಕಾ?"

ಮೇಲ್ವಿಚಾರಕ ಅಂದದ್ದು ನನಗೆ ಮತ್ತು ನನ್ನ ಓರಗಿತ್ತಿಗೆ. ಹೆಂಗಸರ ಕ್ಯಾನ್ಸರ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವವರು ನಾವು. ಅಂದು ಆಸ್ಪತ್ರೆಗೆ ಪರಿಸರ ಪ್ರಶಸ್ತಿ ಕೊಡುವವರು ಬರುವವರಿದ್ದರು.

ಮೊದಲೆಲ್ಲ ರೋಗಿಗಳಿಗೆ ಒಮ್ಮೆ ತೊಟ್ಟು ಎಸೆಯುವ ಅಂಗಿ ಕೊಡುತ್ತಿದ್ದರು. ಹಿತ್ತಲಲ್ಲಿ ಅವನ್ನು ಸುಟ್ಟ ಹೊಗೆ ನಮ್ಮ ಬೀದಿಗೇ ನುಗ್ಗುತ್ತಿತ್ತು. ಹೋದ ವರ್ಷ ಬಟ್ಟೆಯ ಅಂಗಿ ಬಂದವು, ಹೊಗೆ ನಿಂತಿತು. ಖುಷಿಪಟ್ಟವರಲ್ಲಿ ನಾವೂ ಇದ್ದೆವು. ತಿಂಗಳು ಕಳೆಯುವಷ್ಟರಲ್ಲಿ ನಮ್ಮ ರಬ್ಬರ್ ಕೈಗವಸನ್ನೂ ನಿಲ್ಲಿಸಿದರು. ಅದೂ ಕಸವಂತೆ.

ಯಂತ್ರಕ್ಕೆ ಹಾಕುವ ಮುಂಚೆ ರಕ್ತ, ವಾಂತಿ, ಕ್ಯಾನ್ಸರಿಗೆ ಏರಿಸುವ ಕೆಂಪು ಔಷಧದ ಕಲೆ ಎಲ್ಲವನ್ನೂ ಕೈಯಲ್ಲೇ ಉಜ್ಜಬೇಕು. ಆ ಕೆಂಪು ಔಷಧದ ಬಾಟಲಿ ಮುಟ್ಟಲು ಮೇಲಿನ ನರ್ಸುಗಳು ಎರಡೆರಡು ಕೈಗವಸು ಹಾಕುತ್ತಾರೆ. ಓರಗಿತ್ತಿಯ ಬೆರಳುಗಳ ಚರ್ಮ ಸುಲಿದು ಬರುತ್ತಿತ್ತು. ಮಗುವಿನ ತಲೆ ಬಾಚಲೂ ಅವಳು ಹೆದರುತ್ತಿದ್ದಳು. ಎರಡು ತಿಂಗಳ ಹಿಂದೆ ಅವಳ ಬಸಿರು ಇಳಿದುಹೋಯಿತು. ಯಾಕೆಂದು ಯಾರೂ ಹೇಳಲಿಲ್ಲ. ಮೂರನೇ ದಿನ ಮತ್ತೆ ತೊಟ್ಟಿಯ ಮುಂದೆ ಕೂತಳು.

ಬಂದವರು ನಾಲ್ಕು ಜನ. ಕನ್ನಡಕದ ಹೆಂಗಸೊಬ್ಬಳು ಮಡಚಿಟ್ಟ ಅಂಗಿ ಎತ್ತಿ ಮೂಸಿ ನೋಡಿದಳು.

"ಎಷ್ಟು ಚೆನ್ನಾಗಿ ಒಗ್ದಿದೀರ. ಕೈಗೇನು ಹಾಕ್ಕೊಳ್ತೀರಮ್ಮ?"

ನಾವು ಬಾಯಿ ತೆರೆಯುವ ಮುಂಚೆಯೇ ಮೇಲ್ವಿಚಾರಕ ಹಲ್ಲು ಕಿರಿದ. "ಎಲ್ಲಾ ಕೊಟ್ಟಿದೀವಿ ಮೇಡಂ. ಇವಕ್ಕೆ ರೂಢಿ ಇಲ್ಲ, ಕಿತ್ತು ಬಿಸಾಕ್ತವೆ."

ಓರಗಿತ್ತಿ ಜೋರಾಗಿ ಮಾತಾಡಿದ್ದನ್ನು ಈ ಹನ್ನೆರಡು ವರ್ಷದಲ್ಲಿ ನಾನು ಕೇಳಿರಲಿಲ್ಲ. ಆಗಲೂ ಅವಳ ದನಿ ಏರಲಿಲ್ಲ. ಹಿಂದಿದ್ದ ಕೈ ಮುಂದಕ್ಕೆ ತಂದಳು. ತೊಟ್ಟಿಯಿಂದ ಕೆಂಪು ಕಲೆಯ ಅಂಗಿಯೊಂದನ್ನು ಎತ್ತಿ ಅವನ ಎದೆಮಟ್ಟಕ್ಕೆ ಹಿಡಿದಳು.

"ಯಾವತ್ತು ಕೊಟ್ಯೋ ಬಾಡ್ಕೋ? ತಗೋ, ಇದೊಂದು ಹಿಂಡಿ ತೋರ್ಸು."

ಅವನು ಗೋಡೆಗೆ ಅಂಟಿಕೊಂಡ. ಕನ್ನಡಕದವಳೂ ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ನಾನು ನೋಡಿದೆ. ಆಮೇಲೆ ಅವಳು ಗಡಿಯಾರ ನೋಡಿಕೊಂಡಳು. ಎಲ್ಲರೂ ಮೆಟ್ಟಿಲು ಹತ್ತಿದರು.

ಕೊನೆಯಲ್ಲಿ ಹೊರಟ ಮೇಲ್ವಿಚಾರಕ ತಿರುಗಿ ನಿಂತ. "ನಾಳೆಯಿಂದ ಇಬ್ರೂ ಈ ಕಡೆ ತಲೆ ಹಾಕ್ಬೇಡಿ. ನಿಮ್ಮಂಥವು ಬೀದೀಲಿ ಬೇಕಾದಷ್ಟು ಬಿದ್ದಿವೆ."

"ನಾಳೆ ತಾನೆ?" ಅಂದೆ ನಾನು. "ಇವತ್ತು ಇನ್ನೂ ಇದೀವಲ್ಲ."

ಅಂದಿನ ಕೊಳಕು ಅಂಗಿಗಳನ್ನೆಲ್ಲ ಗಾಡಿಗೆ ತುಂಬಿದೆವು. ಲಿಫ್ಟಿನಲ್ಲಿ ಮೇಲೆ ತಂದು, ಪ್ರಶಸ್ತಿಯವರ ಸಭೆ ನಡೆಯುತ್ತಿದ್ದ ಕೋಣೆಯ ಬಾಗಿಲಿಗೆ ಅಡ್ಡ ಸುರಿದೆವು. ಪಕ್ಕದಲ್ಲೇ ಕೂತೆವು. ಕಾವಲಿನವನು ಓಡಿ ಬಂದ, ರಾಶಿ ನೋಡಿ ದೂರವೇ ನಿಂತ. ಎಳೆದು ಹಾಕಲು ಅವನಿಗೂ ಬರಿಗೈ.

ಅಷ್ಟರಲ್ಲಿ ವಾರ್ಡಿನಿಂದ ಒಬ್ಬ ರೋಗಿ ಗೋಡೆ ಹಿಡಿದುಕೊಂಡು ಬಂದಳು. ಕೂದಲಿಲ್ಲದ ತಲೆ. ಎದೆಯ ಮೇಲೆಲ್ಲ ವಾಂತಿಯಾಗಿ ಅಂಗಿ ನೆನೆದಿತ್ತು.

"ಬೇರೆ ಅಂಗಿ ಕೊಡ್ರಮ್ಮ, ಚಳಿ ಆಗ್ತಿದೆ."

"ಇವತ್ತು ಒಗ್ದಿಲ್ಲ ಅಕ್ಕ." ಅಂದೆ ನಾನು.

ಓರಗಿತ್ತಿ ಅಂಗೈ ಬಿಚ್ಚಿ ತೋರಿಸಿದಳು. ರೋಗಿ ಬಹಳ ಹೊತ್ತು ನೋಡಿದಳು. "ನಮ್ಮ ಬಟ್ಟೆಯಿಂದ್ಲೇನೇ?" ಅಂದಳು. ಆಮೇಲೆ ಗೋಡೆಗೆ ಒರಗಿ, ಮೆಲ್ಲಗೆ ಜಾರಿ, ನಮ್ಮ ಪಕ್ಕದಲ್ಲೇ ಕೂತಳು.

ಒಳಗೆ ಚಪ್ಪಾಳೆ ಬಿತ್ತು. ನನ್ನ ಕಿವಿಯ ಹತ್ತಿರ ಅವಳ ಹಲ್ಲು ಕಟಕಟ ಅನ್ನುತ್ತಿತ್ತು. ನನ್ನ ಸೆರಗು ಅವಳ ಹೆಗಲಿಗೆ ಹೊದಿಸಿದೆ. ಒಗೆಯಲು ಮಾತ್ರ ಏಳಲಿಲ್ಲ.