ಖಾಲಿ ಬಿಟ್ಟ ನಾಲ್ಕು ಸಾಲು

ಗರುಫಲ್ಯಾಳ ಎರಡೂ ಕೈ ಬೇಯಿಸಿದ ಗೋಧಿಯೊಳಗಿದ್ದವು. ರಾತ್ರಿಯಿಡೀ ಬಟ್ಟೆಯ ಮೇಲೆ ಆರಿದ ಕಾಳಿಗೆ ದಾಳಿಂಬೆ, ಒಣದ್ರಾಕ್ಷಿ ಬೆರೆಸಿ, ತಟ್ಟೆಯಲ್ಲಿ ಗುಡ್ಡೆ ಮಾಡಿ, ಹುರಿದ ಹಿಟ್ಟು ಉದುರಿಸಿ, ಅದರ ಮೇಲೆ ಸಕ್ಕರೆಯನ್ನು ಸುಣ್ಣ ಬಳಿದಂತೆ ನಯವಾಗಿ ಹರವಬೇಕು. ಸತ್ತವರ ಹೆಸರಿನ ಈ ನೈವೇದ್ಯ ಹೊತ್ತು, ಚರ್ಚಿನ ಎರಡನೆಯ ಗಂಟೆ ಹೊಡೆಯುವುದರೊಳಗೆ ಅಲ್ಲಿ ಸೇರಬೇಕು. ಸತ್ತವರ ಶನಿವಾರ ಪಾದ್ರಿ ಯಾರಿಗೂ ಕಾಯುವುದಿಲ್ಲ. ಅಂಥ ಹೊತ್ತಿನಲ್ಲೇ ಮಗಳು ಲಂಬ್ರಿನಿ ಶಾಲೆಯ ಹಾಳೆಯೊಂದನ್ನು ಹಿಡಿದು ಬಂದು ನಿಂತಳು.

"ಅಮ್ಮ, ಸಹಿ ಹಾಕು."

"ಈಗಲೇ ಆಗಬೇಕಾ? ನನ್ನ ಕೈ ನೋಡೇ!"

"ನಿನ್ನೆ ಮರೆತುಬಿಟ್ಟೆ."

ಹಾಳೆಯ ಮೇಲೆ ಇಪ್ಪತ್ತು ಪದಗಳಿದ್ದವು. ಪ್ರತಿಯೊಂದನ್ನೂ 'ಹಲವಕ್ಕೆ ಸೇರಿದ್ದು' ಎಂಬಂತೆ, ಕುರ್ಚಿ ಎಂದಿದ್ದರೆ 'ಕುರ್ಚಿಗಳ' ಎಂದು, ತಿದ್ದಿ ಬರೆಯಬೇಕು. ಕುರ್ಚಿ, ಸಮುದ್ರ, ದಿನ, ಹೀಗೆ ಹದಿನಾರು ಸರಿಯಾಗಿದ್ದವು. ಕೋಳಿ, ಪೊರಕೆ, ಮತ್ತೆರಡು ಪದಗಳ ಮುಂದೆ ಪೆನ್ಸಿಲ್ ಮುಟ್ಟಿರಲೇ ಇಲ್ಲ. ಕೆಳಗೆ ಟೀಚರು ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಮತ್ತೆ ಖಾಲಿ ಬಿಟ್ಟಿದ್ದಾಳೆ. ಸೋಮವಾರ ತುಂಬಿಸಿ ಕಳಿಸಿ. ಇಲ್ಲವಾದರೆ ನಿಧಾನದ ಮಕ್ಕಳ ತರಗತಿಯ ಬಗ್ಗೆ ಮಾತಾಡಬೇಕಾಗುತ್ತದೆ.'

ಗರುಫಲ್ಯಾ ಆ ಕೊನೆಯ ಸಾಲನ್ನು ಎರಡು ಸಲ ಓದಿದಳು. ಆ ತರಗತಿಗೆ ಒಮ್ಮೆ ಹೋದ ಮಗುವನ್ನು ಈ ಊರು ಮುಂದೆ ಹೇಗೆ ಕರೆಯುತ್ತದೆಂದು ಅವಳಿಗೆ ಗೊತ್ತಿತ್ತು.

"ಕೂತ್ಕೋ. ಈಗಲೇ ಬರಿ. ಕೋಳಿ ಅಂದ್ರೆ ನಿಂಗೆ ಗೊತ್ತಿಲ್ವಾ? ಹಿತ್ತಲಲ್ಲಿ ಹನ್ನೊಂದಿವೆ!"

"ಗೊತ್ತು."

"ಕುರ್ಚಿಗೆ ಬರೆದೆ. ಕೋಳಿಗೇನು ಬಂತು ರೋಗ?"

"ಹಾಗೆ ಯಾರೂ ಅನ್ನಲ್ಲ ಅಮ್ಮ."

"ಯಾರೂ ಅನ್ನಲ್ಲ ಅಂತ ನಿಂಗ್ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಅದಕ್ಕೇ."

ತಾಳ್ಮೆ ತಂದುಕೊಳ್ಳಲು ಗರುಫಲ್ಯಾ ಒಂದು ಹಿಡಿ ಗೋಧಿಯನ್ನು ಸುಮ್ಮನೆ ಮಗುಚಿದಳು. ತಾನೇ ಹೇಳಿಕೊಟ್ಟರಾಯಿತೆಂದು ಬಾಯಿ ತೆರೆದಳು. ಪದದ ತುದಿಯನ್ನು ಒತ್ತಿ ಹೇಳಿದಳು. ನಗು ಬರುವಂತಿತ್ತು. ಮೊದಲನ್ನು ಒತ್ತಿ ಹೇಳಿದಳು. ಅದು ಇನ್ನೂ ವಿಚಿತ್ರವಾಗಿತ್ತು. ನಾಲಗೆಯ ಮೇಲೆ ಯಾವುದೋ ಪರದೇಶದ ಪದ ಕೂತಂತಾಯಿತು. ಅವರ ನುಡಿಯಲ್ಲಿ ಕೋಳಿಗೆ ಆ ರೂಪ ವ್ಯಾಕರಣದ ಪುಸ್ತಕದಲ್ಲಿತ್ತೇ ಹೊರತು ಯಾರ ಬಾಯಲ್ಲೂ ಇರಲಿಲ್ಲ.

"ಅವ್ವಾ," ಎಂದಳು ಒಲೆಯ ಕಡೆ ತಿರುಗಿ, "ನೀನಾದ್ರೂ ಹೇಳು."

ಅಜ್ಜಿ ವಾಯಾ ಬಾದಾಮಿಯ ಸಿಪ್ಪೆ ಬಿಡಿಸುತ್ತ ಕೂತಿದ್ದಳು. "ಎಪ್ಪತ್ತು ವರ್ಷದಿಂದ ಕೋಳಿ ಸಾಕ್ತಿದೀನಿ. ಆ ಮಾತು ನಂಗೆ ಬೇಕೇ ಆಗಿಲ್ಲ."

"ತೋಟಕ್ಕೆ ಹಾಕ್ತೀಯಲ್ಲ ಗೊಬ್ಬರ, ಅದು ಯಾವುದರದ್ದು ಅಂತ ಕೇಳಿದ್ರೆ ಏನಂತೀಯ?"

"ಗೂಡಿನ ಗೊಬ್ಬರ ಅಂತೀನಿ. ಅದನ್ನ ಯಾರು ಹಾಕಿದ್ದು ಅಂತ ಊರಲ್ಲಿ ಯಾರಿಗೆ ಗೊತ್ತಿಲ್ಲ? ಮಗೂನ ಯಾಕೆ ಗೋಳು ಹುಯ್ಕೋತೀಯ? ಆ ಟೀಚರಮ್ಮಂಗೇ ಅದನ್ನ ಹೇಳಿ ತೋರಿಸು ಅನ್ನು."

"ನಿಮ್ಮಿಬ್ಬರ ಕಾಟದಲ್ಲಿ ನಂಗೇ ಹುಚ್ಚು ಹಿಡಿಯುತ್ತೆ!"

ಅಷ್ಟರಲ್ಲಿ ಮೊದಲ ಗಂಟೆ ಹೊಡೆಯಿತು. ತಟ್ಟೆಗೆ ಇನ್ನೂ ಸಕ್ಕರೆ ಬಿದ್ದಿರಲಿಲ್ಲ. ಪ್ರಾರ್ಥನೆಯಲ್ಲಿ ಓದಲು ಪಾದ್ರಿಗೆ ಕೊಡುವ ಹೆಸರಿನ ಚೀಟಿಯನ್ನಂತೂ ಯಾರೂ ಮುಟ್ಟಿರಲಿಲ್ಲ.

"ಹಾಳೆ ಆಮೇಲೆ. ಲಂಬ್ರಿನಿ, ಚೀಟಿ ನೀನೇ ಬರಿ. ಹೆಸರಿನ ಪುಸ್ತಕದಲ್ಲಿ ಎಲ್ಲಾ ವರ್ಷದ್ದೂ ಇದೆ, ಹೋದ ವರ್ಷದ್ದು ನೋಡ್ಕೊಂಡು ಬರಿ. ಎಡಗಡೆ ಬದುಕಿರೋರು, ಬಲಗಡೆ ತೀರ್ಕೊಂಡೋರು. ಒಂದೂ ಖಾಲಿ ಬಿಡಬೇಡ!"

ಲಂಬ್ರಿನಿ ನಾಲಗೆಯನ್ನು ತುಟಿಯಂಚಿಗೆ ತಂದುಕೊಂಡು ಬರೆಯತೊಡಗಿದಳು. ಚರ್ಚಿನ ಚೀಟಿಯಲ್ಲಿ ಹೆಸರುಗಳನ್ನು ಹಾಗೇ ಬರೆಯುವಂತಿಲ್ಲ. ಥೊಮಾಸನ, ವಾಯಾಳ ಎಂದು ತಿದ್ದಬೇಕು. ಪುಸ್ತಕದಲ್ಲಿ ಅಜ್ಜಿ ಸೊಟ್ಟಪಟ್ಟ ಬರೆದಿದ್ದನ್ನೂ ಹುಡುಗಿ ಸರಿಪಡಿಸುತ್ತ ಹೋದಳು. ಸಕ್ಕರೆ ಹರವುತ್ತ ಗರುಫಲ್ಯಾ ಅವಳ ಭುಜದ ಮೇಲಿಂದ ಇಣುಕಿದಳು. ಒಂದು ತಪ್ಪೂ ಇರಲಿಲ್ಲ. ಪೂರ್ವಜರ ಆ ಹಳೆಯ, ಬಾಯಿ ತಿರುಗದ ಹೆಸರುಗಳೂ ಸರಿಯಾಗಿದ್ದವು. ಇವಳಿಗೆ ನಿಧಾನದ ತರಗತಿಯಂತೆ! ಸೋಮವಾರ ಈ ಚೀಟಿಯನ್ನೇ ಒಯ್ದು ಟೀಚರ ಮೇಜಿನ ಮೇಲಿಡುತ್ತೇನೆ ಎಂದುಕೊಂಡಳು.

ಬರೆದು ಮುಗಿದಿತ್ತು. ಆದರೂ ಹುಡುಗಿ ಏಳಲಿಲ್ಲ. ಪುಸ್ತಕದ ಪುಟಗಳನ್ನು ಹಿಂದಕ್ಕೆ ಮಗುಚಿದಳು, ಮುಂದಕ್ಕೆ ಮಗುಚಿದಳು, ಮತ್ತೆ ಹಿಂದಕ್ಕೆ.

"ಆಯ್ತಲ್ಲ, ಕೊಡು."

ಲಂಬ್ರಿನಿ ಅಜ್ಜಿಯ ಕಡೆ ನೋಡಿದಳು, ಅಮ್ಮನ ಕಡೆ ನೋಡಿದಳು, ಪೆನ್ಸಿಲ್ಲಿನ ತುದಿ ಕಚ್ಚಿದಳು.

"ಅಯ್ಯೋ ದೇವರೇ, ಮತ್ತೆ ಅದೇ! ಎರಡನೇ ಗಂಟೆ ಹೊಡೆಯೋ ಹೊತ್ತಾಯ್ತು. ಏನು ಕೇಳಬೇಕೋ ಬಾಯಿ ಬಿಟ್ಟು ಕೇಳು!"

ಹುಡುಗಿ ಒಂದು ಹಳೆಯ ಪುಟದ ಮೇಲೆ ಬೆರಳಿಟ್ಟಳು.

"ಇಲ್ಲಿ ತಾತ ಎಡಗಡೆ ಇದಾರೆ. ಮುಂದಿನ ವರ್ಷ ಬಲಗಡೆಗೆ ಹೋಗಿದಾರೆ. ದೊಡ್ಡತಾತಾನೂ ಹಾಗೇ. ಎಲ್ರೂ ಹಾಗೇ." ಬೆರಳು ಕೆಳಗೆ ಸರಿಯಿತು. "ಇಲ್ಲಿ ಎಡಗಡೆ ಅಜ್ಜಿ ಹೆಸರಾದ ಮೇಲೆ, ನಿನ್ನ ಹೆಸರಿಗಿಂತ ಮುಂಚೆ, ಅಸಿಮಿನಾ ಅಂತ ಇದೆ."

ಬಾದಾಮಿ ಬಿಡಿಸುವ ಸದ್ದು ನಿಂತಿತು. ಒಂಬತ್ತು ವರ್ಷದಿಂದ ಈ ಅಡಿಗೆಮನೆಯಲ್ಲಿ ತನ್ನ ಅಕ್ಕನ ಹೆಸರನ್ನು ಗರುಫಲ್ಯಾ ಕೇಳಿರಲಿಲ್ಲ, ತಾನೂ ಹೇಳಿರಲಿಲ್ಲ. ಸಕ್ಕರೆಯ ಮೇಲೆ ಅವಳ ಅಂಗೈ ಒತ್ತಿ ಗುರುತು ಬಿತ್ತು.

"ಆಮೇಲೆ ಎಡಗಡೇನೂ ಇಲ್ಲ, ಬಲಗಡೇನೂ ಇಲ್ಲ," ಎಂದಳು ಲಂಬ್ರಿನಿ. ಪೆನ್ಸಿಲ್ಲನ್ನು ಚೀಟಿಯ ಮೇಲೆ ಹಿಡಿದೇ ಇದ್ದಳು. "ಇವಳನ್ನ ಯಾವ ಕಡೆ ಬರೀಲಿ, ಅಜ್ಜಿ?"