ಎಂಜಲಾದ ಹರಿವಾಣ

ನಾನು ಒಂದು ಹರಿವಾಣ, ಹಿತ್ತಾಳೆಯದು. ಅರಮನೆಯಲ್ಲಿ ವೀಳ್ಯ ಹೊತ್ತು ತಿರುಗುವ ಹರಿವಾಣವೆಂದರೆ ಬೆಳ್ಳಿಯದೇ ಆಗಿರಬೇಕೆಂದು ನಿಮಗನ್ನಿಸಿದರೆ, ನೀವು ನಮ್ಮ ಕಲ್ಗೇರಿ ಸಂಸ್ಥಾನವನ್ನು ಕಂಡಿಲ್ಲ. ಬೆಳಿಗ್ಗೆ ಕುದುರೆ ಹತ್ತಿದವನು ಊಟದ ಹೊತ್ತಿಗೆ ಗಡಿ ದಾಟಿಬಿಡಬಹುದಾದ ನಾಡು ಅದು. ಒಡೆದ ಗಂಗಾಳ, ತೂತುಬಿದ್ದ ಕೊಡ, ಬಾಯಿ ಮುರಿದ ತಂಬಿಗೆ, ಇಂಥವನ್ನೆಲ್ಲ ಕರಗಿಸಿ ಕಂಚುಗಾರ ಮಾನಪ್ಪ ನನ್ನನ್ನು ಎರಕ ಹೊಯ್ದ. ನಡುವೆ ಜೋಡಿ ಮೀನಿನ ರಾಜಮುದ್ರೆ ಕೆತ್ತಿದ್ದೇ ತಡ, ನನ್ನ ತಲೆ ತಿರುಗಿತು. ಬಚ್ಚಲುಮನೆಯ ನಂಟರನ್ನೆಲ್ಲ ಮರೆತೆ.

ಮೆರೆಯಲು ಕಾರಣವೂ ಇತ್ತು. ಕಲ್ಗೇರಿಯಲ್ಲಿ ನನ್ನ ಮೇಲಿಂದ ವೀಳ್ಯ ಎತ್ತಿಕೊಂಡರೆ ಮಾತಿಗೆ ಒಪ್ಪಿದಂತೆ. ಮಹಾರಾಜರು ಒಂದು ಕೆಲಸ ಹೇಳುತ್ತಿದ್ದರು, ನಾನು ಮುಂದೆ ಬರುತ್ತಿದ್ದೆ, ಎದುರಿಗಿದ್ದವನು ವೀಳ್ಯ ಎತ್ತುತ್ತಿದ್ದ. ಅಲ್ಲಿಗೆ ಮುಗಿಯಿತು, ಆಮೇಲೆ ಇಲ್ಲವೆನ್ನುವ ಹಾಗಿಲ್ಲ. ಕೈ ಹಿಂದೆಗೆದವರನ್ನು ನಾನು ನೋಡಿಯೇ ಇರಲಿಲ್ಲ.

ಕಾಲ ಬದಲಾಯಿತು. ಜನ ಆರಿಸಿ ಕಳಿಸಿದ ಪ್ರತಿನಿಧಿಗಳ ಸಭೆ ಅರಮನೆಯ ದರ್ಬಾರು ಹಾಲಿನಲ್ಲಿ ಕೂಡತೊಡಗಿತು. ಅಲ್ಲಿ ಒಪ್ಪಿಗೆಯೆಂದರೆ ಕೈ ಎತ್ತುವುದು. ಕಲಾಪವೆಲ್ಲ ಮುಗಿದ ಮೇಲೆ, ಬಂದವರ ಉಪಚಾರಕ್ಕೆಂದು ನನ್ನನ್ನು ಒಂದು ಸುತ್ತು ತಿರುಗಿಸುತ್ತಿದ್ದರು. ನನಗೆ ಮುಖಭಂಗವಾಯಿತೆಂದು ಬೇರೆ ಹೇಳಬೇಕೆ?

ಆ ಸಭೆಯಲ್ಲಿ ನನಗೆ ಕಂಡರಾಗದವನೊಬ್ಬನಿದ್ದ. ಅಡಿವೆಪ್ಪ ಮಗ್ಗದ. ಹೊಳೆಯಾಚೆಯ ದಂಡೆಯಲ್ಲಿ ಕೆಂದೂಳಿ ಅಂತ ನೇಕಾರರ ಊರು, ಅಲ್ಲಿನ ಪ್ರತಿನಿಧಿ. ಹಳದಿ ರುಮಾಲು, ಗಟ್ಟಿ ಗಂಟಲು, ಎಲೆಯಡಿಕೆಯ ಚಟ. ನಾನು ಬಾಗಿಲು ದಾಟುವುದರೊಳಗೆ ಅವನ ಕೈ ಚಾಚಿರುತ್ತಿತ್ತು. ಒಂದರ ಬದಲು ಎರಡು ವೀಳ್ಯ ಎತ್ತಿ, ಸುಣ್ಣದ ಬೆರಳನ್ನು ನನ್ನ ಅಂಚಿಗೇ ಒರೆಸುತ್ತಿದ್ದ. ರಾಜಮುದ್ರೆ ಹೊತ್ತವನ ಮೈಗೆ ಸುಣ್ಣ!

ಇಂಗ್ಲಿಷರು ಹೋದ ಮೇಲೆ ಸುತ್ತಲಿನ ಚಿಕ್ಕ ಚಿಕ್ಕ ಸಂಸ್ಥಾನಗಳು ಸೇರಿ ಒಕ್ಕೂಟ ಕಟ್ಟಿಕೊಂಡಿದ್ದವು. ಸಭೆ ಕೈ ಎತ್ತಿದ ಮೇಲೆಯೇ ಕಲ್ಗೇರಿಯೂ ಸೇರಿತ್ತು. ಆದರೆ ಸಂಸಾರ ಹೊಂದಲಿಲ್ಲ. ನಮ್ಮ ಮಾತಿಗೆ ಅಲ್ಲಿ ಕವಡೆ ಕಿಮ್ಮತ್ತಿಲ್ಲವೆಂದು ಜನ ಬೇಸತ್ತರು. ಹೊರಬರಬೇಕೆನ್ನುವುದರಲ್ಲಿ ಯಾರ ತಕರಾರೂ ಇರಲಿಲ್ಲ, ಅಡಿವೆಪ್ಪನದೂ ಇರಲಿಲ್ಲ. ಹೇಗೆ ಬರಬೇಕು, ಏನು ಬಿಟ್ಟು ಬರಬೇಕು ಎನ್ನುವುದೇ ಜಗಳ. ಅದನ್ನು ಅರಮನೆ ನೋಡಿಕೊಳ್ಳುತ್ತದೆ, ಸಭೆಗೆ ತಿಳಿಸಿದರೆ ಸಾಕು ಎಂದು ದಿವಾನ್ ಭುಜಂಗರಾಯರು ಹಟ ಹಿಡಿದರು. ಒಂದೊಂದು ಷರತ್ತೂ ತಮ್ಮ ಮುಂದೆ ಬರಬೇಕೆಂದು ಸಭೆ ಪಟ್ಟು ಹಿಡಿಯಿತು.

ಕೊನೆಗೆ ದಿವಾನರು ಕರಾರು ಹಿಡಿದು ಸಭೆಗೆ ಬಂದರು. ಸುಡುಬಿಸಿಲಿನ ಮಧ್ಯಾಹ್ನ. ಅವರು ಓದಿದರು, ಓದಿದರು, ಮಂತ್ರದ ಹಾಗೆ ಓದುತ್ತಲೇ ಹೋದರು. ಸಭೆ ತೂಕಡಿಸಿತು. ಇನ್ನೂ ಓದು ಮುಗಿದಿರಲಿಲ್ಲ, ಅಷ್ಟರಲ್ಲಿ ಅವರು ಕಣ್ಸನ್ನೆ ಮಾಡಿದರು, ಸೇವಕ ನನ್ನನ್ನು ಹೊತ್ತು ಒಳಗೆ ಬಂದ. ಕಲಾಪದ ನಡುವೆ ನಾನು ಬಂದದ್ದು ಅದೇ ಮೊದಲು. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಓದು ಮುಗಿಯಿತೆಂದೇ ಎಲ್ಲರೂ ತಿಳಿದರು. ಕೈಗಳು ಚಾಚಿದವು. ಅಡಿವೆಪ್ಪ ಎಂದಿನಂತೆ ಮೊದಲಿಗ. ಎರಡೂ ವೀಳ್ಯ ದವಡೆಗೆ ಸೇರಿದವು.

ಆ ಗದ್ದಲದಲ್ಲೇ ದಿವಾನರು ಕೊನೆಯ ಕಲಮನ್ನು ಗುಣುಗುಣು ಓದಿ ಮುಗಿಸಿ ಕಾಗದ ಮಡಚಿದರು. "ಸಭೆ ವೀಳ್ಯ ಹಿಡಿದಿದೆ. ಕರಾರಿಗೆ ಒಪ್ಪಿಗೆ ಸಿಕ್ಕಿತು. ಮಹಾರಾಜರಿಗೆ ತಿಳಿಸುತ್ತೇನೆ."

ಸಭಾಧ್ಯಕ್ಷ ಗುರುಸಿದ್ದಯ್ಯನವರು ಕುರ್ಚಿಯಿಂದ ಅರ್ಧ ಎದ್ದವರು ಹಾಗೇ ನಿಂತರು. "ದಿವಾನ್ ಸಾಹೇಬ್ರ, ಆ ಕಡೀ ಕಲಮು ಇನ್ನೊಮ್ಮೆ ಓದ್ರಿ. ನನಗ ಕೇಳಸಲಿಲ್ಲ."

ದಿವಾನರು ಓದಿದರು. ಹೊಳೆಯಾಚೆಯ ಕೆಂದೂಳಿಯನ್ನು, ಒಕ್ಕೂಟದಲ್ಲೇ ಉಳಿಯುವ ಹುಲಿಕಟ್ಟಿ ಸಂಸ್ಥಾನಕ್ಕೆ ಬಿಟ್ಟುಕೊಡತಕ್ಕದ್ದು.

ಅಡಿವೆಪ್ಪನ ದವಡೆ ನಿಂತುಬಿಟ್ಟಿತು. ಅವನ ಮುಖ ಅಷ್ಟು ಬಿಳಿಚಿದ್ದನ್ನು ನಾನು ಕಂಡಿರಲಿಲ್ಲ. ತುಟಿ ಮಾತ್ರ ಕೆಂಪಗಿತ್ತು. ತನ್ನ ಊರನ್ನು ತಾನೇ ಮೊದಲ ಕೈ ಚಾಚಿ ಕೊಟ್ಟುಬಿಟ್ಟಿದ್ದ.

"ಇದು ಮೋಸರೀ!" ಯಾರೋ ಕೂಗಿದರು. "ಕೂಡೂ ಮುಂದ ಸಭಾ ಕೇಳಿದ್ರಿ. ಬಿಡೂ ಮುಂದ ಎಲಿ ತಿನಸ್ತೀರೇನು?"

"ಸಭೆ ನಿನ್ನೆ ಮೊನ್ನೆಯದು, ವೀಳ್ಯ ನಿಮ್ಮ ಮುತ್ತಾತನ ಕಾಲದ್ದು" ಎಂದರು ದಿವಾನರು, ನಗುತ್ತಲೇ. "ಒಪ್ಪಿಗೆ ಇಲ್ಲದವರು ವೀಳ್ಯ ವಾಪಸು ಹರಿವಾಣಕ್ಕೆ ಹಾಕಲಿ. ಅಧ್ಯಕ್ಷರು ಎಣಿಸಲಿ. ನನ್ನದೇನೂ ಅಡ್ಡಿಯಿಲ್ಲ."

ಅವರ ಲೆಕ್ಕ ಅವರಿಗಿತ್ತು. ಮೆತ್ತಗಿದ್ದವರು, ಅರಮನೆಯ ಕಡೆಯವರು ಆಗಲೇ ಅಗಿದು ಮುಗಿಸಿದ್ದರು. ಎಲೆ ಇನ್ನೂ ಕೈಯಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಬಂದು ನನ್ನ ಮೇಲೆ ಇಟ್ಟರು. ಹುಟ್ಟಿದಾರಭ್ಯ ನಾನು ಹೊತ್ತದ್ದು ಬರೀ ಹೂಂ. ಇಲ್ಲ ಎನ್ನುವುದು ಇಷ್ಟು ಭಾರವಿರುತ್ತದೆಂದು ಗೊತ್ತಿರಲಿಲ್ಲ. ಗುರುಸಿದ್ದಯ್ಯನವರು ಎಣಿಸಿದರು. ಸಭೆಯ ಸರಿಯಾಗಿ ಅರ್ಧಕ್ಕೆ ಒಂದು ಕಡಿಮೆ.

"ನಂದೊಂದೈತ್ರಿ" ಎಂದ ಅಡಿವೆಪ್ಪ, ಬಾಯಿ ತುಂಬಿದ ದನಿಯಲ್ಲಿ.

"ಬಾಯಿ ಕೆಂಪಾದ ಮೇಲೆ ಎಂಥದು ಮಾರಾಯ?" ದಿವಾನರು ನಕ್ಕರು.

ಅಡಿವೆಪ್ಪ ನೆಟ್ಟಗೆ ನನ್ನ ಬಳಿ ಬಂದ. ಬಗ್ಗಿದ. ಅವನೇನು ಮಾಡಲಿದ್ದಾನೆಂದು ಹೊಳೆದಾಗ ನಾನು ಸೇವಕನ ಕೈಯಿಂದ ಜಾರಿ ಬೀಳಬಾರದೇ ಎಂದುಕೊಂಡೆ. ಜಾರಲಿಲ್ಲ. ಬಾಯಲ್ಲಿದ್ದ ಕೆಂಪು ಮುದ್ದೆಯನ್ನು ಅಂಗೈಗೆ ತೆಗೆದು, ಜೋಡಿ ಮೀನಿನ ಮೇಲೆಯೇ ಇಟ್ಟ.

ಅಯ್ಯೋ! ಎಂಜಲು! ಮಹಾರಾಜರ ಎದುರಿಗೆ ಹೋಗುವ ಹರಿವಾಣದ ಮೇಲೆ! ಅರಮನೆಯ ಆಚಾರ್ಯರು ಕಿವಿ ಮುಚ್ಚಿಕೊಂಡರು. ಮುಚ್ಚಬೇಕಾದ್ದು ಕಣ್ಣೆಂಬುದು ಆ ಗಾಬರಿಯಲ್ಲಿ ಅವರಿಗೂ ತಿಳಿಯಲಿಲ್ಲ. ದಿವಾನರ ನಗು ಆರಿತು. "ಎಂಜಲು ಲೆಕ್ಕಕ್ಕಿಲ್ಲ!"

ಗುರುಸಿದ್ದಯ್ಯನವರು ಸೌಮ್ಯ ಮನುಷ್ಯ, ದಿವಾನರ ಎದುರು ಎಂದೂ ದನಿ ಏರಿಸಿದವರಲ್ಲ. ಆದರೂ ಹೇಳಿದರು: "ನೀವು ಹಾಕ್ರಿ ಅಂದ್ರಿ, ಅಂವ ಹಾಕ್ಯಾನ. ಹ್ಯಾಂಗಿರಬೇಕು ಅಂತ ನೀವು ಹೇಳಲಿಲ್ಲ. ಈಗ ಸಮ ಆತು. ಸಮ ಆದ್ರ ಅಧ್ಯಕ್ಷನ ಮಾತು ನಡೀತದ. ಕರಾರು ಬಿದ್ದದ. ನಾಳಿಂದ ಒಂದೊಂದ ಕಲಮು ಸಭಾದ ಮುಂದ ಬರಲಿ."

ನನ್ನ ಗತಿ? ಹುಣಸೆಹಣ್ಣು ಹಾಕಿ ತಿಕ್ಕಿದರು, ಬೆಂಕಿಗೆ ಹಿಡಿದರು. ಇನ್ನು ಇದು ಅರಮನೆಗೆ ಸಲ್ಲದು ಎಂದುಬಿಟ್ಟರು ಆಚಾರ್ಯರು. "ನೀನ ಎಂಜಲಾ ಮಾಡೀದಿ, ನೀನ ಒಯ್ಯಿ" ಎಂದು ಅಧ್ಯಕ್ಷರು ನನ್ನನ್ನು ಅಡಿವೆಪ್ಪನ ಕೈಗಿತ್ತರು. ಕಂಡರಾಗದವನ ಕಂಕುಳಲ್ಲಿ ಕೂತು, ದೋಣಿಯಲ್ಲಿ ಹೊಳೆ ದಾಟಿದೆ. ಅವನ ಮನೆಯಲ್ಲಿ ಮಗ್ಗದ ಪಕ್ಕ ನನ್ನ ತುಂಬ ನೂಲು ಸುತ್ತಿದ ಕಂಡಿಕೆ ಸುರಿದರು.

ಕೆಂದೂಳಿಯ ಕಲಮಿಗೆ ಬಂದಾಗ ಸಭೆ ಒಂದು ನಿರ್ಧಾರ ಮಾಡಿತು: ಊರನ್ನು ಕೊಡುವ ಮೊದಲು ಊರನ್ನೇ ಕೇಳೋಣ. ಗುರುಸಿದ್ದಯ್ಯನವರು ಇನ್ನಿಬ್ಬರನ್ನು ಕರೆದುಕೊಂಡು ಬಂದು ಅಡಿವೆಪ್ಪನ ಕಟ್ಟೆಯ ಮೇಲೇ ಕೂತರು. ಜನ ಅಂಗಳ ತುಂಬಿತು. ಅಡಿವೆಪ್ಪ ಹೊಸ ರುಮಾಲು ಸುತ್ತಿ, ಗೆದ್ದವನ ಹಾಗೆ ಕಂಬಕ್ಕೊರಗಿ ನಿಂತಿದ್ದ.

ಜನ ಹುಲಿಕಟ್ಟಿಗೆ ಹೋಗುತ್ತೇವೆಂದರು.

ಒಬ್ಬರಲ್ಲ, ಇಬ್ಬರಲ್ಲ, ಊರಿಗೆ ಊರೇ. ಅಡಿವೆಪ್ಪನ ಮನೆ ನಡೆಸುತ್ತಿದ್ದ ಅವನಕ್ಕ ನೀಲವ್ವ ಬಾಗಿಲಲ್ಲಿ ನಿಂತು ಅಂದಳು: "ನಮ್ಮ ಸಂತಿ ಹುಲಿಕಟ್ಟ್ಯಾಗ, ಸೂಲಗಿತ್ತಿ ಹುಲಿಕಟ್ಟ್ಯಾಗ, ಬೀಗರು ಹುಲಿಕಟ್ಟ್ಯಾಗ. ಹೊಳಿ ಬಂದ್ರ ಕಲ್ಗೇರಿಯವ್ರ ಮಾರಿನ ಕಾಣಂಗಿಲ್ಲ. ಅಡಿವ್ಯಾ, ನಿನಗ ಆ ಸಭಾ ಬೇಕು. ನಮಗ ಈ ದಂಡಿ ಬೇಕು."

ಅಡಿವೆಪ್ಪ ಕಂಬ ಬಿಟ್ಟು ಅಕ್ಕನ ಕಡೆ ತಿರುಗಿದ. "ಮೊದಲ ಯಾಕ ಹೇಳಲಿಲ್ಲಬೇ?"

"ಮೊದಲ ಯಾರು ಕೇಳಿದ್ರು?"

ಕಟ್ಟೆಯ ಮೇಲಿದ್ದವರೂ ತಲೆ ತಗ್ಗಿಸಿದರು. ನನಗಂತೂ ಎಂಜಲು ಬಿದ್ದ ದಿನಕ್ಕಿಂತ ಅಂದು ಹೆಚ್ಚು ಆಘಾತವಾಯಿತು. ಈ ಊರಿಗಾಗಿಯೇ ಅಲ್ಲವೆ ಅವನು ಮಾನ ಮರ್ಯಾದೆ ಬಿಟ್ಟದ್ದು, ನಾನು ಜಾತಿ ಕೆಟ್ಟದ್ದು?

ಕೆಲವು ದಿನ ಕಳೆದು ಆ ಕಲಮು ಸಭೆಗೆ ಬಂತು. ಅಡಿವೆಪ್ಪ ಹೋಗುವುದಿಲ್ಲವೆಂದು ಮುಸುಕು ಹೊದ್ದು ಮಲಗಿದ್ದವನು, ಬೆಳಿಗ್ಗೆ ಎದ್ದು ದೋಣಿ ಹತ್ತಿದ. ಸಂಜೆ ಬಂದು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ.

"ಕೈ ಎತ್ತಿದ್ರೇನು?" ಕೇಳಿದಳು ನೀಲವ್ವ.

"ಎತ್ತಿದ್ರು. ಕಲ್ಗೇರಿ ಹೊರಗ ಬಂತು, ನೀವು ಆ ಕಡಿ ಹೋದ್ರಿ. ಇನ್ ಮ್ಯಾಲ ಆ ಸಭಾದಾಗ ನನಗ ಜಾಗ ಇಲ್ಲ."

"ಮತ್ತ ನೀ?"

"ಎಲ್ಲಾರ್ಕಿಂತ ಮೊದಲ ಎತ್ತೀನಿ" ಎಂದ. ನನ್ನೊಳಗಿಂದ ಒಂದು ಕಂಡಿಕೆ ತೆಗೆದು ಲಾಳಿಗೆ ಸಿಕ್ಕಿಸಲು ಹೋದ. ನೂಲು ಕಡಿಯಿತು. ನೀಲವ್ವ ಹತ್ತಿರ ಕೂತು ಗಂಟು ಹಾಕಿಕೊಟ್ಟಳು.

ಅವರಿಬ್ಬರೂ ಈಗಿಲ್ಲ. ಮಗ್ಗ ನಿಂತಿದೆ. ನಾನು ಮೂಲೆಯಲ್ಲಿ ಕರಿಹಿಡಿದು ಕೂತಿದ್ದೇನೆ. ಮೀನುಗಳು ಸವೆದು, ಮುಟ್ಟಿದರಷ್ಟೇ ತಿಳಿಯುತ್ತವೆ. ಅರಮನೆಯಲ್ಲಿದ್ದಷ್ಟು ಕಾಲವೂ ನನ್ನ ಕಡೆಗೆ ಚಾಚಿ ಬಂದ ಕೈಗಳನ್ನು ನೋಡಿದೆ, ಅವೆಲ್ಲ ಒಪ್ಪಿಗೆ ಅಂದುಕೊಂಡೆ. ಏನನ್ನು ಕಳೆದುಕೊಳ್ಳುತ್ತಿದ್ದೇನೆಂದು ಪೂರ್ತಿ ಗೊತ್ತಿದ್ದು ಎತ್ತಿದ ಕೈ ಅಡಿವೆಪ್ಪನದೊಂದೇ. ಅದನ್ನು ಮಾತ್ರ ನಾನು ನೋಡಲಿಲ್ಲ.